ಎಂಜಿಬಿಯ ಸಿಲ್, ಅಪ್ಪನ ಟ್ಯಾಪೆಟ್

ಕೊನೆಗೂ ನನ್ನ ಹಳೇ ಎಂಜಿಬಿ ಕಾರಿನ ಎಡಗಡೆಯ ಸಿಲ್ ಮುಗಿಯಿತು. ಹದಿನಾಲ್ಕು ತಿಂಗಳಿಂದ ನಮ್ಮ ಗ್ಯಾರೇಜಿನಲ್ಲಿ ಸ್ಟ್ಯಾಂಡ್‌ಗಳ ಮೇಲೆ ನಿಂತಿರುವ ಕೆಂಪು ಕಾರಿನ ಬಗ್ಗೆ ಸುಮಾರು ಜನ ಕೇಳುತ್ತಿದ್ದರು, ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ. ಎಲ್ಲರೂ ಮೊದಲು ಕೇಳುವುದು ಎಂಜಿನ್ ಬಗ್ಗೆ. ಬಿಚ್ಚಿದೆಯಾ, ಸ್ಟಾರ್ಟ್ ಆಯ್ತಾ, ಎಷ್ಟು ಸ್ಪೀಡ್ ಹೋಗುತ್ತೆ? ಈ ಕಾರಿನಲ್ಲಿ ಎಂಜಿನ್ ಸುಲಭದ ಕೆಲಸ. ಕಷ್ಟ ಇರುವುದು ತಗಡಿನಲ್ಲಿ.

ಕಾರು 1970ರ ಎಂಜಿಬಿ ರೋಡ್‌ಸ್ಟರ್, ಬ್ರಿಟನ್ನಿನ ಎಂಜಿ ಕಂಪನಿಯ ತೆರೆದ ಸ್ಪೋರ್ಟ್ಸ್ ಕಾರು. ನಾವಿರುವುದು ಇಂಗ್ಲೆಂಡಿನ ಡಿಡ್‌ಕಾಟ್‌ನಲ್ಲಿ. ಈ ಕಾರು ಹುಟ್ಟಿದ ಆ್ಯಬಿಂಗ್ಡನ್ ಇಲ್ಲಿಗೆ ತೀರಾ ಹತ್ತಿರ. 1962ರಿಂದ 1980ರವರೆಗೆ ಅಲ್ಲಿ ಐದು ಲಕ್ಷ ಚಿಲ್ಲರೆ ಎಂಜಿಬಿಗಳು ತಯಾರಾದವು. ನನ್ನದು ಒಂದು ಹೊಲದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತಿತ್ತು. ನೋಡಲು ಚೆನ್ನಾಗಿಯೇ ಇತ್ತು, ಬಣ್ಣ ಕೂಡ ಹೊಳೆಯುತ್ತಿತ್ತು. ಬಾಗಿಲಿನ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ತುದಿ ಒತ್ತಿದೆ, ಸುಮ್ನೆ ಒಳಗೆ ಹೋಯಿತು. ಹಪ್ಪಳದ ಹಾಗೆ.

ಆ ಪಟ್ಟಿಯೇ ಸಿಲ್. ಎಂಜಿಬಿಗೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ರೋಡ್‌ಸ್ಟರ್‌ಗೆ ಮೇಲೆ ಗಟ್ಟಿ ರೂಫೂ ಇಲ್ಲ. ಹಾಗಾಗಿ ಮುಂದಿನ ಅರ್ಧವನ್ನೂ ಹಿಂದಿನ ಅರ್ಧವನ್ನೂ ಬಾಗದಂತೆ ಹಿಡಿದಿರುವ ಕೆಲಸದಲ್ಲಿ ದೊಡ್ಡ ಪಾಲು ಈ ಎರಡು ಸಿಲ್‌ಗಳದು. ಹೊರಗಿನ ಸಿಲ್, ಒಳಗಿನ ಸಿಲ್, ಮಧ್ಯೆ ಒಂದು ನೇರ ತಗಡು, ಕೆಳಗೆ ಕೋಟೆಯ ತೆನೆಯಂತೆ ಹಲ್ಲು ಹಲ್ಲಾಗಿ ಮಡಿಸಿದ ಪಟ್ಟಿ. ಅದಕ್ಕೆ ಇಲ್ಲಿಯವರು ಕ್ಯಾಸಲ್ ರೈಲ್ ಅನ್ನುತ್ತಾರೆ. ಒಳಗೆ ಸೇರಿದ ನೀರು ಆ ಹಲ್ಲುಗಳ ಸಂದಿಯಿಂದ ಹೊರಗೆ ಹೋಗಬೇಕು. ಮಣ್ಣು ತುಂಬಿ ಸಂದಿ ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತದೆ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಬೇರೆ ಹಾಕುತ್ತಾರೆ. ತುಕ್ಕು ಒಳಗಿನಿಂದ ತಿನ್ನುತ್ತಾ ಬರುತ್ತದೆ, ಹೊರಗೆ ಬಣ್ಣದ ಗುಳ್ಳೆ ಕಾಣುವಷ್ಟರಲ್ಲಿ ಒಳಗೆ ಏನೂ ಉಳಿದಿರುವುದಿಲ್ಲ.

ನನ್ನ ಕಾರಿಗೆ ಹಿಂದೆ ಯಾರೋ ಹಳೇ ಸಿಲ್ ತೆಗೆಯದೆ ಅದರ ಮೇಲೆಯೇ ಹೊಸ ತಗಡು ಹೊದಿಸಿ, ಪುಟ್ಟಿ ಮೆತ್ತಿ, ಪೇಂಟ್ ಹೊಡೆದುಬಿಟ್ಟಿದ್ದರು. ಇದನ್ನು ನೋಡಿದಾಗ ನಿಜವಾಗಿ ಸಿಟ್ಟು ಬಂತು. ಹಣ ಉಳಿಸಿದ್ದಕ್ಕಲ್ಲ. ಆ ಕಾರಿನಲ್ಲಿ ಯಾರಾದರೂ ಮಗುವನ್ನು ಕೂರಿಸಿಕೊಂಡು ಹೋಗುತ್ತಾರೆ, ಅಲ್ವಾ?

ಬಲಗಡೆಯಿಂದ ಶುರು ಮಾಡಿದೆ. ಮುಂದಿನ ಮಡ್‌ಗಾರ್ಡ್ ಬೋಲ್ಟ್‌ಗಳ ಮೇಲೆ ಕೂತಿರುತ್ತದೆ, ಬಿಚ್ಚಬಹುದು. ಸಿಲ್ ಅದರ ಹಿಂದೆಯೂ ಮುಂದುವರಿಯುವುದರಿಂದ ಬಿಚ್ಚದೆ ಕೆಲಸ ಆಗುವುದಿಲ್ಲ. ಹಿಂದಿನ ಮಡ್‌ಗಾರ್ಡ್ ಬಿಚ್ಚಲು ಬರುವುದಿಲ್ಲ, ಅದರ ಕೆಳತುದಿ ಕತ್ತರಿಸಲೇಬೇಕು. ಇಷ್ಟೆಲ್ಲ ಓದಿ ತಿಳಿದುಕೊಂಡಿದ್ದೆ. ಆದರೆ ಬಾಡಿ ಬಾಗದಂತೆ ಬಾಗಿಲಿನ ಜಾಗಕ್ಕೆ ಅಡ್ಡ ಕಂಬಿ ಬೆಸೆಯುವ ಕೆಲಸ ಬಿಟ್ಟೆ, ಒಂದು ಸಿಲ್ ತಾನೇ, ಏನಾಗುತ್ತೆ ಅಂದುಕೊಂಡು. ಹೊಸ ಸಿಲ್ ಬೆಸೆದು ಬಾಗಿಲು ಹಾಕಿದೆ. ಬಾಗಿಲು ಮೇಲ್ಗಡೆ ಕಚ್ಚಿಕೊಂಡಿತು, ಮುಚ್ಚಲೇ ಇಲ್ಲ. ಕಾರು ನಡುವೆ ಕುಸಿದಿತ್ತು. ಕೆಲವೇ ಮಿಲಿಮೀಟರ್, ಆದರೆ ಅಷ್ಟು ಸಾಕು. ಮೂರು ವಾರಾಂತ್ಯದ ವೆಲ್ಡಿಂಗ್ ಗ್ರೈಂಡರ್‌ನಲ್ಲಿ ಕತ್ತರಿಸಿ ತೆಗೆದು ಮತ್ತೆ ಮಾಡಿದೆ.

ಎಡಗಡೆ ಆ ತಪ್ಪು ಮಾಡಲಿಲ್ಲ. ಕಾರಿನ ಭಾರ ಮುಂದಿನ ಸಸ್ಪೆನ್ಷನ್ ಮತ್ತು ಹಿಂದಿನ ಆ್ಯಕ್ಸಲ್ ಮೇಲೆಯೇ ಬೀಳುವ ಹಾಗೆ ಸ್ಟ್ಯಾಂಡ್ ಇಟ್ಟೆ. ಮುಂದಿನ ಹಿಂಜ್ ಕಂಬದಿಂದ ಹಿಂದಿನ ಲಾಕ್ ಕಂಬಕ್ಕೆ ಕಂಬಿ ಬೆಸೆದೆ. ಬಾಗಿಲಿನ ಸುತ್ತಲಿನ ಗ್ಯಾಪ್ ಅಳೆದು ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಬರೆದಿಟ್ಟೆ. ಹೊಸ ಸಿಲ್ ಕ್ಲ್ಯಾಂಪ್ ಹಾಕಿ ಕೂರಿಸಿ, ಬಾಗಿಲು ಹಾಕಿ ನೋಡಿ, ಸರಿ ಇದ್ದರೆ ಮಾತ್ರ ವೆಲ್ಡಿಂಗ್. ಅದೂ ಒಂದೇ ಕಡೆ ಉದ್ದಕ್ಕೆ ಎಳೆಯಬಾರದು, ಬಿಸಿಗೆ ತಗಡು ಡೊಂಕಾಗುತ್ತದೆ. ಇಲ್ಲೊಂದು ಚುಕ್ಕಿ, ಅಲ್ಲೊಂದು ಚುಕ್ಕಿ, ಮಧ್ಯೆ ತಣ್ಣಗಾಗಲು ಬಿಟ್ಟು ಚಹಾ. ಎಲ್ಲ ಆದ ಮೇಲೆ ಒಳಗೆ ಮೇಣ ಸ್ಪ್ರೇ ಮಾಡಿದೆ, ಕ್ಯಾಸಲ್ ರೈಲಿನ ಸಂದಿಗಳು ಮುಚ್ಚಿಲ್ಲ ತಾನೇ ಅಂತ ತಂತಿ ಹಾಕಿ ನೋಡಿದೆ. ಊರಿನ ಟಿಂಕರಿಂಗ್ ಶೆಡ್ಡುಗಳಲ್ಲಿ ಕಣ್ಣಳತೆಯಲ್ಲೇ ಇದನ್ನು ಮಾಡುವವರನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಆ ಕೈಗಳ ಬೆಲೆ ಈಗ ಗೊತ್ತಾಗುತ್ತಿದೆ.

ಬಿಡಿಭಾಗ ಎಲ್ಲಿ ಸಿಗುತ್ತೆ ಅಂತಲೂ ಕೇಳುತ್ತಾರೆ. ಹಳೇ ಕಾರುಗಳಲ್ಲಿ ಎಂಜಿಬಿಯಷ್ಟು ಅನುಕೂಲ ಇರುವವು ಕಡಿಮೆ. ಕಾರ್ಖಾನೆಯ ಹಳೇ ಅಚ್ಚುಗಳನ್ನು ಹುಡುಕಿ ತೆಗೆದು, ಬ್ರಿಟಿಷ್ ಮೋಟರ್ ಹೆರಿಟೇಜ್‌ನವರು 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿ ಮಾರಲು ಶುರು ಮಾಡಿದರು. ಹಣ ಇದ್ದವರು ಹೊಸ ಬಾಡಿ ತಂದು ಹಳೇ ಎಂಜಿನ್ ಕೂರಿಸಬಹುದು. ನನಗೆ ಸಿಲ್‌ಗಳು, ಫ್ಲೋರ್, ಸೀಟಿನ ಹಿಂದಿನ ಬ್ಯಾಟರಿ ಡಬ್ಬಗಳು ಸಾಕಾದವು. ಹೌದು, ಈ ಕಾರಿಗೆ ಆರು ವೋಲ್ಟಿನ ಎರಡು ಬ್ಯಾಟರಿ, ಅದೂ ಸೀಟಿನ ಹಿಂದೆ ನೆಲದಡಿ. ನಾನು ಹನ್ನೆರಡು ವೋಲ್ಟಿನದು ಒಂದೇ ಹಾಕಿದ್ದೇನೆ.

ಬ್ರೇಕಿನಲ್ಲಿ ಯಾವುದನ್ನೂ ಹಳೆಯದು ಇಟ್ಟುಕೊಳ್ಳಲಿಲ್ಲ. ಪೈಪು, ಹೋಸು, ಸಿಲಿಂಡರು ಎಲ್ಲ ಹೊಸದು. ಇಲ್ಲಿ ನಲವತ್ತು ವರ್ಷ ದಾಟಿದ, ದೊಡ್ಡ ಬದಲಾವಣೆ ಮಾಡಿರದ ಕಾರಿಗೆ ಪ್ರತಿ ವರ್ಷದ ಎಂಓಟಿ ತಪಾಸಣೆ ಕಡ್ಡಾಯವಲ್ಲ. ನಾನು ಆದರೂ ಮಾಡಿಸುತ್ತೇನೆ. ನನ್ನ ವೆಲ್ಡಿಂಗನ್ನು ಇನ್ನೊಬ್ಬರ ಕಣ್ಣು ನೋಡಬೇಕು.

ಇನ್ನು ಎಂಜಿನ್. ಇದನ್ನು ಬರೆಯಲು ನನಗೆ ಬೇರೆಯೇ ಖುಷಿ. ಅಪ್ಪ ಹಾಸನದಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು, ಅಂಬಾಸಿಡರ್. ಶಿರಾಡಿ ಘಾಟಿಯಲ್ಲಿ ಅದೆಷ್ಟು ಸಲ ಹತ್ತಿ ಇಳಿದಿದ್ದಾರೋ. ಅಂಬಾಸಿಡರ್ ಅಂದರೆ ಇಲ್ಲಿನ ಆಕ್ಸ್‌ಫರ್ಡಿನ ಕೌಲಿಯಲ್ಲಿ ತಯಾರಾಗುತ್ತಿದ್ದ ಮಾರಿಸ್ ಆಕ್ಸ್‌ಫರ್ಡ್ ಕಾರೇ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನು, ನನ್ನ ಎಂಜಿಬಿಯ 1798 ಸಿಸಿ ಎಂಜಿನ್ನು, ಎರಡೂ ಬ್ರಿಟಿಷ್ ಮೋಟರ್ ಕಾರ್ಪೊರೇಷನ್ (ಬಿಎಂಸಿ) ಕಂಪನಿಯ ಬಿ-ಸೀರೀಸ್ ಎಂಜಿನ್ನುಗಳು. ಅಣ್ಣ ತಮ್ಮ. ಮೊದಲ ಸಲ ಎಂಜಿನ್ನಿನ ಮೇಲಿನ ಮುಚ್ಚಳ, ರಾಕರ್ ಕವರ್ ತೆಗೆದಾಗ ಎದೆ ಧಸಕ್ ಅಂತು, ವಾಲ್ವ್ ಒತ್ತುವ ರಾಕರ್‌ಗಳ ಈ ಸಾಲು ನಾನು ನೋಡಿದ್ದೇನಲ್ಲ! ಹತ್ತು ವರ್ಷದವನಿದ್ದಾಗ ಅಪ್ಪನ ಪಕ್ಕ ಸಂದಿ ಅಳೆಯುವ ತೆಳು ಪಟ್ಟಿ, ಫೀಲರ್ ಗೇಜ್ ಹಿಡಿದು ನಿಂತಿದ್ದು ಇದರ ಮುಂದೆಯೇ.

ಟ್ಯಾಪೆಟ್ ಅಡ್ಜಸ್ಟ್ ಮಾಡಲು, ಅಂದರೆ ರಾಕರ್‌ಗೂ ವಾಲ್ವ್‌ಗೂ ನಡುವಿನ ಸಣ್ಣ ಗ್ಯಾಪ್ ಸರಿಮಾಡಲು, ಅಪ್ಪ ಹೇಳಿಕೊಟ್ಟಿದ್ದು ಒಂಬತ್ತರ ಲೆಕ್ಕ. ಎಂಟು ವಾಲ್ವ್. ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದನ್ನು ನೋಡು, ಆರು ತೆರೆದಾಗ ಮೂರು, ನಾಲ್ಕು ತೆರೆದಾಗ ಐದು. ಕೂಡಿದರೆ ಒಂಬತ್ತು ಬರಬೇಕು. ಗ್ಯಾಪ್ ಹದಿನೈದು ಥೌ; ಒಂದು ಥೌ ಅಂದರೆ ಇಂಚಿನ ಸಾವಿರದಲ್ಲಿ ಒಂದು ಭಾಗ. ಅದೇ ಲೆಕ್ಕ ಇಲ್ಲೂ ನಡೆಯಿತು.

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಎರಡು, ಎಸ್‌ಯು ಕಂಪನಿಯವು. ಇದರಲ್ಲಿ ನನಗೆ ತುಂಬಾ ಇಷ್ಟವಾದ್ದು ಪರೀಕ್ಷೆ ಮಾಡುವ ರೀತಿ. ಎಂಜಿನ್ ಐಡಲಿಂಗ್‌ನಲ್ಲಿ ಇರುವಾಗ ಪಕ್ಕದ ಸಣ್ಣ ಪಿನ್ ಒತ್ತಿ ಕಾರ್ಬ್ಯುರೇಟರ್ ಒಳಗಿನ ಪಿಸ್ಟನ್ನನ್ನು ಕೂದಲೆಳೆಯಷ್ಟು ಎತ್ತಬೇಕು. ಎಂಜಿನ್ ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಜಾಸ್ತಿ. ಆಫ್ ಆಗುವ ಹಾಗಾದರೆ ಕಡಿಮೆ. ಸ್ವಲ್ಪ ಏರಿ ಮತ್ತೆ ಇಳಿದರೆ ಸರಿ. ಎರಡೂ ಒಂದೇ ಸಮ ಗಾಳಿ ಎಳೆಯುತ್ತಿವೆಯಾ ಅಂತ ನೋಡಲು ರಬ್ಬರ್ ಟ್ಯೂಬಿನ ಒಂದು ತುದಿ ಕಿವಿಗೆ, ಇನ್ನೊಂದು ಕಾರ್ಬ್ಯುರೇಟರ್ ಬಾಯಿಗೆ. ಬುಸ್ ಅನ್ನುವ ಸದ್ದು ಎರಡರಲ್ಲೂ ಒಂದೇ ಇರಬೇಕು. ಕಂಪ್ಯೂಟರ್ ಬೇಡ, ಕಿವಿ ಸಾಕು.

ಹೋದ ಭಾನುವಾರ ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಮಡ್‌ಗಾರ್ಡ್ ಮೇಲೆ ಇಟ್ಟೆ. ಕೀ ತಿರುಗಿಸಿದಾಗ ಹಿಂದಿನಿಂದ ಪೆಟ್ರೋಲ್ ಪಂಪಿನ ಟಿಕ್ ಟಿಕ್, ಅದು ನಿಂತ ಮೇಲೆ ಸ್ಟಾರ್ಟ್. ಎರಡನೇ ಸಲಕ್ಕೆ ಹಿಡಿಯಿತು. ಅಪ್ಪ ಕಣ್ಣು ಮುಚ್ಚಿಕೊಂಡು ಕೇಳುತ್ತಾ ಕೂತರು. ಒಂದು ನಿಮಿಷ ಮಾತೇ ಇಲ್ಲ. ಆಮೇಲೆ, "ಟ್ಯಾಪೆಟ್ ಸದ್ದು ಕಮ್ಮಿ ಆಯ್ತು ಕಣೋ, ಯಾವುದೋ ಒಂದು ಬಿಗಿಯಾಗಿದೆ. ಹಂಗೇ ಓಡಿಸಿದ್ರೆ ವಾಲ್ವ್ ಸುಡುತ್ತೆ" ಅಂದರು.

ತಣ್ಣಗಾದ ಮೇಲೆ ಕವರ್ ತೆಗೆದು ನೋಡಿದೆ. ಐದನೆಯದು. ಎಕ್ಸಾಸ್ಟ್ ವಾಲ್ವ್. ಹನ್ನೊಂದು ಥೌ ಇತ್ತು.