ಪೆಂಟಿಯಮ್ 3ರಲ್ಲಿ ವಿಂಡೋಸ್ 98 ಎಸ್‌ಇ: ಡ್ರೈವರ್ ಹಂತ

ಮಷಿನ್: ಪೆಂಟಿಯಮ್ 3 600 ಮೆಗಾಹರ್ಟ್ಸ್, ಇಂಟೆಲ್ 440ಬಿಎಕ್ಸ್ ಬೋರ್ಡ್, 256 ಎಂಬಿ ರ‍್ಯಾಮ್, ಎನ್ವಿಡಿಯಾದ ಜಿಫೋರ್ಸ್2 ಎಂಎಕ್ಸ್ ಡಿಸ್‌ಪ್ಲೇ ಕಾರ್ಡ್, ಸೌಂಡ್ ಬ್ಲಾಸ್ಟರ್ ಲೈವ್ ಸೌಂಡ್ ಕಾರ್ಡ್, 20 ಜಿಬಿ ಐಡಿಇ ಡಿಸ್ಕ್.

ವಿಂಡೋಸ್ 98 ಎಸ್‌ಇ (ಸೆಕೆಂಡ್ ಎಡಿಷನ್) ಸಿಡಿಯಿಂದ ನೇರವಾಗಿ ಸೆಟಪ್ ಓಡಿಸಿಲ್ಲ. ವಿನ್98 ಫೋಲ್ಡರನ್ನು ಸಿ ಡ್ರೈವಿಗೆ ಕಾಪಿ ಮಾಡಿ ಅಲ್ಲಿಂದಲೇ ಶುರು. ಯಾವ ಡ್ರೈವರ್ (ಕಾರ್ಡ್, ಡಿಸ್ಕ್‌ಗಳನ್ನು ನಡೆಸುವ ತಂತ್ರಾಂಶ) ಹಾಕಿದರೂ 98 ಮತ್ತೆ ಮತ್ತೆ ಸಿಡಿ ಕೇಳುತ್ತದೆ. ಹೀಗೆ ಮಾಡಿದರೆ ಆ ಕಾಟ ತಪ್ಪುತ್ತದೆ.

ಮೊದಲ ಬೂಟ್‌ನಲ್ಲಿ 640x480, 16 ಬಣ್ಣ. ಟೈಟಲ್ ಬಾರ್ ಕಡುನೀಲಿಯಿಂದ ತಿಳಿನೀಲಿಗೆ ಇಳಿಯುವುದು 95ರಲ್ಲಿ ಇರಲಿಲ್ಲ, 98ರಲ್ಲಿ ಬಂತು. 16 ಬಣ್ಣದಲ್ಲಿ ಅದೂ ಕಾಣದೆ ಪಟ್ಟಿಯಿಡೀ ಒಂದೇ ನೀಲಿ. ಎನ್ವಿಡಿಯಾ ಡ್ರೈವರ್ ಹಾಕಿ, ರೀಬೂಟ್ ಮಾಡಿ, 1024x768ರಲ್ಲಿ 16 ಬಿಟ್ ಬಣ್ಣಕ್ಕೆ ಏರಿಸಿದ ಮೇಲೆ ಆ ಛಾಯೆ ಮೂಡಿತು. ಎಷ್ಟು ಚೆಂದದ ಪಟ್ಟಿ ಅದು!

440ಬಿಎಕ್ಸ್ ಚಿಪ್‌ಸೆಟ್ (ಬೋರ್ಡಿನ ಭಾಗಗಳನ್ನು ಒಂದಕ್ಕೊಂದು ಜೋಡಿಸುವ ಚಿಪ್‌ಗಳು) 98 ಎಸ್‌ಇಗೆ ಮೊದಲೇ ಗೊತ್ತು. ವಿಯಾ ಕಂಪನಿಯ ಚಿಪ್‌ಸೆಟ್ ಇರುವ ಬೋರ್ಡ್ ಆಗಿದ್ದರೆ ಅದರ 4-ಇನ್-1 ಚಿಪ್‌ಸೆಟ್ ಡ್ರೈವರ್ ಮೊದಲು, ಡಿಸ್‌ಪ್ಲೇ ಆಮೇಲೆ. ಇಲ್ಲದಿದ್ದರೆ ಎಜಿಪಿ (ಡಿಸ್‌ಪ್ಲೇ ಕಾರ್ಡಿನ ಸ್ಲಾಟ್) ಸರಿಯಾಗಿ ನಡೆಯುವುದಿಲ್ಲ. ಒಂದು ಸಲಕ್ಕೆ ಒಂದೇ ಕಾರ್ಡ್, ಪ್ರತಿಯೊಂದಕ್ಕೂ ಒಂದು ರೀಬೂಟ್. ಎಲ್ಲವನ್ನೂ ಒಟ್ಟಿಗೆ ಸಿಕ್ಕಿಸಿದರೆ ಯಾವುದು ಕೈಕೊಟ್ಟಿತು ಅಂತ ತಿಳಿಯುವುದೇ ಇಲ್ಲ.

ಸೌಂಡ್ ಕಾರ್ಡ್ ಎಜಿಪಿಗೆ ಅಂಟಿಕೊಂಡ ಮೊದಲ ಪಿಸಿಐ (ಉಳಿದ ಕಾರ್ಡ್‌ಗಳ) ಸ್ಲಾಟಿನಲ್ಲಿತ್ತು, ಚರಚರ ಸದ್ದು ಬಂತು. ಹಲವು ಬೋರ್ಡ್‌ಗಳಲ್ಲಿ ಆ ಎರಡು ಸ್ಲಾಟಿಗೂ ಒಂದೇ ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ಗೆರೆ). ಮೂರನೇ ಸ್ಲಾಟಿಗೆ ಬದಲಿಸಿದ ಮೇಲೆ ಸದ್ದು ಶುದ್ಧ. ಆದರೆ ಕಾರ್ಡ್ ಜಾಗ ಬದಲಾದಾಗ ಹಳೆಯ ನಮೂದು ಹಾಗೇ ಉಳಿಯುತ್ತದೆ. ಸೇಫ್ ಮೋಡ್‌ನಲ್ಲಿ (ಅತಿ ಕಡಿಮೆ ಡ್ರೈವರ್‌ಗಳೊಂದಿಗೆ ಬೂಟ್ ಮಾಡಿ) ಡಿವೈಸ್ ಮ್ಯಾನೇಜರ್ ತೆರೆದರೆ ಅದೇ ಕಾರ್ಡ್ ಎರಡೆರಡು ಸಲ ಕಾಣುತ್ತದೆ. ಎರಡನ್ನೂ ಅಳಿಸಿ ರೀಬೂಟ್ ಮಾಡಿದರೆ ಒಂದೇ ಮರಳುತ್ತದೆ.

ಹಾರ್ಡ್ ಡಿಸ್ಕಿನ ಪ್ರಾಪರ್ಟೀಸ್‌ನಲ್ಲಿ ಡಿಎಂಎ (ಪ್ರೊಸೆಸರಿಗೆ ಹೊರೆಯಾಗದೆ ಡಿಸ್ಕ್ ಮತ್ತು ಮೆಮೊರಿ ನಡುವೆ ಮಾಹಿತಿ ಸಾಗಿಸುವ ವಿಧಾನ) ಗುರುತು ಹಾಕುವುದು ಮರೆಯಬಾರದು. ಅದಿಲ್ಲದೆ ಫೈಲ್ ಕಾಪಿ ಆಗುವಾಗ ಮೌಸ್ ಕೂಡ ತಡವರಿಸುತ್ತದೆ.

ಪೆನ್‌ಡ್ರೈವ್ ಇನ್ನೂ ಬಾಕಿ. 98 ಎಸ್‌ಇಯಲ್ಲಿ ಎಲ್ಲ ಪೆನ್‌ಡ್ರೈವಿಗೂ ಸಲ್ಲುವ ಡ್ರೈವರ್ ಇಲ್ಲ. ಒಂದೊಂದು ಕಂಪನಿಯದಕ್ಕೂ ಅದರದೇ ಬೇಕು. ಅದರ ಬದಲು ಉತ್ಸಾಹಿಗಳು ಕಟ್ಟಿದ, ಹಲವು ಪೆನ್‌ಡ್ರೈವಿಗೆ ಸಲ್ಲುವ ಎನ್‌ಯುಎಸ್‌ಬಿ ಡ್ರೈವರ್ ಪ್ಯಾಕ್ ಹಾಕುವ ಯೋಚನೆಯಿದೆ. ಅದಕ್ಕೂ ಮುಂಚೆ ಹಳೆಯ ಯುಎಸ್‌ಬಿ ಡ್ರೈವರ್‌ಗಳನ್ನೆಲ್ಲ ತೆಗೆಯಬೇಕು.

ರ‍್ಯಾಮ್ 768 ಎಂಬಿಗೆ ಏರಿಸುವುದು ಅದಾದ ಮೇಲೆ. 512 ಎಂಬಿ ದಾಟಿದರೆ ಫೈಲ್ ಕ್ಯಾಶ್ (ಡಿಸ್ಕಿನಿಂದ ಓದಿದ್ದನ್ನು ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುವ ಜಾಗ) ವಿಂಡೋಸಿನ ಮೆಮೊರಿ ವಿಳಾಸದ ಜಾಗವನ್ನೆಲ್ಲ ನುಂಗಿ, ಮೆಮೊರಿ ಸಾಲದು ಎಂಬ ಸಂದೇಶದೊಂದಿಗೆ ಬೂಟ್ ನಿಲ್ಲಬಹುದು. ಹೊಸ ರ‍್ಯಾಮ್ ಸಿಕ್ಕಿಸುವ ಮುಂಚೆಯೇ ಸಿಸ್ಟಮ್.ಐಎನ್‌ಐ ಎಂಬ ಸೆಟ್ಟಿಂಗ್ಸ್ ಫೈಲಿನ ವಿಕ್ಯಾಶ್ ಭಾಗದಲ್ಲಿ, ಕ್ಯಾಶ್ 256 ಎಂಬಿ ದಾಟದಂತೆ, ಮ್ಯಾಕ್ಸ್‌ಫೈಲ್‌ಕ್ಯಾಶ್=262144 ಎಂಬ ಸಾಲು ಸೇರಿಸಬೇಕು.