ಪೆಲೆಟ್ ತೂಗುವ ತಕ್ಕಡಿ: ಮೂರನೇ ವಾರದ ಲೆಕ್ಕ

ಒಂದು ಡಬ್ಬಿ ಪೂರ್ತಿ ತೂಗಿ ಮುಗಿಸಿದೆ. 500 ಪೆಲೆಟ್, ಅಂದರೆ ಏರ್ ರೈಫಲ್ಲಿನ ಸೀಸದ ಸಣ್ಣ ಗುಂಡುಗಳು, ಒಂದೇ ತೂಕದವನ್ನು ಬೇರೆ ಮಾಡುವುದಕ್ಕೆ. ದಿನಕ್ಕೆ ನೂರರಂತೆ ಐದು ಸಂಜೆ ಹಿಡಿಯಿತು, ಅದಕ್ಕೂ ಮೊದಲು ಸರಿಯಾದ ತಕ್ಕಡಿ ಹುಡುಕುವುದರಲ್ಲೇ ಎರಡು ವಾರ ಹೋಗಿತ್ತು.

ನಾನು ಹೊಡೆಯುವುದು 10 ಮೀಟರ್ ಏರ್ ರೈಫಲ್. 4.5 ಎಂಎಂ ಚಪ್ಪಟೆ ತಲೆಯ ಪೆಲೆಟ್, ಡಬ್ಬಿಯ ಮೇಲೆ 0.53 ಗ್ರಾಂ ಅಂತ ಇದೆ. ಗ್ರೈನ್ ಅನ್ನುವ ಹಳೆಯ ಇಂಗ್ಲಿಷ್ ತೂಕದ ಲೆಕ್ಕದಲ್ಲಿ 8.2. ನಮ್ಮ ಅಕ್ಕಸಾಲಿಗರು ಹಿಂದೆ ಗುಲಗಂಜಿ ಇಟ್ಟು ಚಿನ್ನ ತೂಗುತ್ತಿದ್ದರಲ್ಲ, ಒಂದು ಗುಲಗಂಜಿ ಸುಮಾರು 0.12 ಗ್ರಾಂ, ಹಾಗಾಗಿ ಒಂದು ಪೆಲೆಟ್ ಅಂದರೆ ನಾಲ್ಕು ಗುಲಗಂಜಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಇಷ್ಟು ಹಗುರದ ವಸ್ತುವಿನಲ್ಲಿ ವ್ಯತ್ಯಾಸ ಹುಡುಕಬೇಕು.

10 ಮೀಟರಿಗೆ ತೂಕದ ವ್ಯತ್ಯಾಸದಿಂದ ಏನಾಗುತ್ತದೆ ಅಂತ ಕ್ಲಬ್ಬಿನಲ್ಲಿ ಇಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಲೆಕ್ಕ ಹಾಕಿ ನೋಡಿದೆ. ಸೆಕೆಂಡಿಗೆ 175 ಮೀಟರ್ ವೇಗ ಅಂದುಕೊಂಡರೆ ಗುರಿ ಮುಟ್ಟುವಷ್ಟರಲ್ಲಿ ಪೆಲೆಟ್ ಸುಮಾರು 16 ಎಂಎಂ ಕೆಳಗೆ ಇಳಿದಿರುತ್ತದೆ. ರೈಫಲ್ ಕೊಡುವ ಶಕ್ತಿ ಪ್ರತಿ ಸಲವೂ ಒಂದೇ ಅಂತ ಇಟ್ಟುಕೊಳ್ಳೋಣ. ಪೆಲೆಟ್ 10 ಮಿಲಿಗ್ರಾಂ ಜಾಸ್ತಿ ತೂಗಿದರೆ ವೇಗ ಶೇಕಡಾ 1ರ ಹತ್ತಿರ ಕಮ್ಮಿ ಆಗುತ್ತದೆ, ಏಟು ಸುಮಾರು 0.3 ಎಂಎಂ ಕೆಳಗೆ ಬೀಳುತ್ತದೆ. ನಮ್ಮ ಗುರಿಹಲಗೆಯಲ್ಲಿ ಒಂದು ಉಂಗುರಕ್ಕೂ ಇನ್ನೊಂದಕ್ಕೂ 2.5 ಎಂಎಂ, ಅಂದರೆ 0.1 ಅಂಕಕ್ಕೆ 0.25 ಎಂಎಂ. ಒಂದು ಏಟಿಗೆ ಹತ್ತನೇ ಒಂದು ಅಂಕ! ದಶಮಾಂಶದಲ್ಲಿ ಎಣಿಸುವ 60 ಏಟಿನ ಸುತ್ತಿನಲ್ಲಿ ಇದು ನನಗೆ ಸಣ್ಣದಲ್ಲ.

ಮೊದಲು ಮನೆಯಲ್ಲೇ ಇದ್ದ 500 ಗ್ರಾಂ ಸಾಮರ್ಥ್ಯದ, 0.01 ಗ್ರಾಂ ತೋರಿಸುವ ಪಾಕೆಟ್ ತಕ್ಕಡಿ ತೆಗೆದೆ. ಎಲ್ಲ ಪೆಲೆಟ್ಟಿಗೂ 0.53, ಅಪರೂಪಕ್ಕೆ ಒಂದು 0.52 ಅಥವಾ 0.54. ಅದರ ಒಂದು ಹೆಜ್ಜೆಯೇ 10 ಮಿಲಿಗ್ರಾಂ. ನಾನು ಹುಡುಕುತ್ತಿದ್ದ ವ್ಯತ್ಯಾಸವೂ ಅಷ್ಟೇ, ಅಲ್ವಾ? ಹತ್ತು ಪೆಲೆಟ್ ಒಟ್ಟಿಗೆ ಇಟ್ಟರೆ ಸರಾಸರಿ ಚೆನ್ನಾಗಿ ಸಿಗುತ್ತದೆ. ಆದರೆ ಸರಾಸರಿಯಿಂದ ಯಾವುದು ಭಾರ, ಯಾವುದು ಹಗುರ ಅಂತ ಬೇರೆ ಮಾಡಲು ಆಗುವುದಿಲ್ಲ. ಅಮೆರಿಕದಲ್ಲಿರುವ ನನ್ನ ಕಸಿನ್ 25 ಗ್ರೈನಿನ ಸ್ಲಗ್ (ಏರ್ ರೈಫಲ್ಲಿನದೇ ಉದ್ದನೆಯ, ಭಾರದ ಗುಂಡು) ಹೊಡೆಯುತ್ತಾನೆ, ಒಂದೊಂದು 1.62 ಗ್ರಾಂ. ಅವನಿಗೆ ಇದೇ 10 ಮಿಲಿಗ್ರಾಂ ಶೇಕಡಾ 0.6 ಮಾತ್ರ, ಹಾಗಾಗಿ ಅವನ ಕೆಲಸ ಇಂಥ ತಕ್ಕಡಿಯಲ್ಲೂ ಒಂದು ಮಟ್ಟಕ್ಕೆ ನಡೆಯುತ್ತದೆ. ನನಗೆ ನಡೆಯಲಿಲ್ಲ.

ಆಮೇಲೆ ಬೆಂಗಳೂರಿನ ನಗರ್ತಪೇಟೆಗೆ ಹೋದೆ. ಚಿನ್ನದ ಕೆಲಸದವರು ಬಳಸುವ, ಸರ್ಕಾರದ ಮುದ್ರೆ ಹಾಕಿದ ತಕ್ಕಡಿಗಳು ನೋಡೋಕೆ ಆಸೆ ಆಗುತ್ತವೆ, ಗಾಜಿನ ಮುಚ್ಚಳ ಎಲ್ಲ ಇರುತ್ತದೆ. ಬೆಲೆ ನನ್ನ ಕೈಗೆ ಎಟಕುವಂಥದ್ದಲ್ಲ. ಆ ಮುದ್ರೆ ತೂಗಿ ಮಾರುವವರಿಗೆ ಬೇಕು, ನನಗೆ ಬೇಡ. ಕೊನೆಗೆ 20 ಗ್ರಾಂ ಸಾಮರ್ಥ್ಯದ, 0.001 ಗ್ರಾಂ ತೋರಿಸುವ ಸಣ್ಣ ತಕ್ಕಡಿಯನ್ನು ಆನ್‌ಲೈನಿನಲ್ಲಿ ಸುಮಾರು 1,800 ರೂಪಾಯಿಗೆ ತರಿಸಿದೆ.

ಮೊದಲು ಬಂದದ್ದನ್ನು ವಾಪಸ್ ಕಳಿಸಿದೆ. ಒಂದೇ ಪೆಲೆಟ್ಟನ್ನು 20 ಸಲ ಇಟ್ಟು ತೆಗೆದೆ, ಓದು 0.529ರಿಂದ 0.535ರ ತನಕ ಓಡಾಡಿತು. ಮೂರು ದಶಮಾಂಶ ತೋರಿಸುತ್ತದೆ, ಸರಿ, ಆದರೆ ಮೂರನೆಯದನ್ನು ನಂಬುವ ಹಾಗಿಲ್ಲ. ಬದಲಿಗೆ ಬಂದದ್ದು 2 ಮಿಲಿಗ್ರಾಂ ಒಳಗೇ ನಿಂತಿತು. ತಕ್ಕಡಿ ಕೊಳ್ಳುವವರು ಬಂದ ದಿನವೇ ಈ ಪರೀಕ್ಷೆ ಮಾಡಿ, ವಾಪಸ್ ಮಾಡುವ ಅವಧಿ ಮುಗಿಯುವ ಮುಂಚೆ. ಪೆಲೆಟ್ ಬೇರೆ ಮಾಡುವವರಿಗೆ ನಿಜವಾದ ತೂಕ ಎಷ್ಟು ಅನ್ನುವುದು ಅಷ್ಟೇನೂ ಮುಖ್ಯವಲ್ಲ. ಇವತ್ತು ಹೇಳಿದ್ದನ್ನೇ ನಾಳೆಯೂ ಹೇಳಬೇಕು, ಅದು ಮುಖ್ಯ.

ತಕ್ಕಡಿಯ ಓದು ಸರಿಹೊಂದಿಸಲು ಇಡುವ ತೂಕದ ಬೊಟ್ಟಿನ ಬಗ್ಗೆ ನಾನು ಸುಮ್ನೆ ತಲೆ ಕೆಡಿಸಿಕೊಂಡಿದ್ದೆ. ಎಂ1 ಅನ್ನುವ ನಿಖರತೆಯ ದರ್ಜೆಯ 20 ಗ್ರಾಂ ಬೊಟ್ಟಿಗೆ 2.5 ಮಿಲಿಗ್ರಾಂ ಏರುಪೇರಿಗೆ ಅವಕಾಶ ಇದೆ. ಅದು 20 ಗ್ರಾಂನಲ್ಲಿ. ಅದೇ ಪ್ರಮಾಣದಲ್ಲಿ ಅರ್ಧ ಗ್ರಾಂ ಪೆಲೆಟ್ಟಿಗೆ ಬರುವ ತಪ್ಪು 0.1 ಮಿಲಿಗ್ರಾಂ ಕೂಡ ಇಲ್ಲ. ಆದರೂ ಮನೆಗೆ ತಂದ ಮೇಲೆ ಒಂದು ಸಲ ಹೊಂದಿಸಿ. ಬೆಂಗಳೂರು ಸಮಭಾಜಕಕ್ಕೆ ಹತ್ತಿರ, ಮೇಲಾಗಿ 900 ಮೀಟರಿಗೂ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ ಭೂಮಿಯ ಸೆಳೆತ ಸ್ವಲ್ಪ ಕಮ್ಮಿ. ಬೇರೆ ಊರಿನ ಕಾರ್ಖಾನೆಯಲ್ಲಿ ಹೊಂದಿಸಿದ್ದು ಇಲ್ಲಿ ಕೂದಲೆಳೆಯಷ್ಟು ಸರಿದಿರುತ್ತದೆ.

ನನ್ನನ್ನು ತುಂಬ ಕಾಡಿದ್ದು ಸೊನ್ನೆ. ಖಾಲಿ ತಟ್ಟೆಯ ಮೇಲೆ ಸಾಸಿವೆ ಕಾಳುಗಳನ್ನು ಒಂದೊಂದಾಗಿ, ನಿಧಾನಕ್ಕೆ ಹಾಕಿದೆ. ನಾಲ್ಕು ಕಾಳು ಬಿದ್ದರೂ ತಕ್ಕಡಿ 0.000 ಅಂತಲೇ ಕೂತಿತ್ತು! ಸೊನ್ನೆಯ ಹತ್ತಿರದ ಸಣ್ಣ ಬದಲಾವಣೆಯನ್ನು ಇದು ತನ್ನದೇ ಅಲುಗಾಟ ಅಂದುಕೊಂಡು ನುಂಗಿಬಿಡುತ್ತದೆ. ಅದಕ್ಕೆ ಈಗ ತಟ್ಟೆಯಲ್ಲಿ ಯಾವಾಗಲೂ ಒಂದು ರೂಪಾಯಿ ನಾಣ್ಯ ಇರುತ್ತದೆ. 2011ರಲ್ಲಿ ಬಂದ ಮಾದರಿಯದು, 3.79 ಗ್ರಾಂ ಇರಬೇಕು, ನನ್ನ ಹತ್ತಿರ ಇರುವುದು ಸವೆದು 3.786 ತೋರಿಸುತ್ತದೆ. ನಾಣ್ಯ ಇಟ್ಟು ಸೊನ್ನೆ ಒತ್ತಬಾರದು, ಒತ್ತಿದರೆ ಮತ್ತೆ ಅದೇ ಕಥೆ. ನಾಣ್ಯ ಮತ್ತು ಪೆಲೆಟ್ ಸೇರಿ 4.318 ಬಂದರೆ ಪೆಲೆಟ್ 0.532. ಇಪ್ಪತ್ತು ಪೆಲೆಟ್ಟಿಗೊಮ್ಮೆ ಬರೀ ನಾಣ್ಯದ ತೂಕ ನೋಡುತ್ತೇನೆ, ಸರಿದಿದ್ದರೆ ಹಿಂದಿನ ಇಪ್ಪತ್ತನ್ನು ಮತ್ತೆ ತೂಗುತ್ತೇನೆ.

ಉಳಿದದ್ದೆಲ್ಲ ಅಭ್ಯಾಸ. ಫ್ಯಾನ್ ಆಫ್. ಅಡುಗೆಮನೆಯ ಗ್ರಾನೈಟ್ ಕಟ್ಟೆ ಒಳ್ಳೆಯದು, ಮರದ ಮೇಜು ಮೊಣಕೈ ಇಟ್ಟರೂ ಅಲುಗುತ್ತದೆ, ಆದರೆ ಸೀಸ ಅಡುಗೆಮನೆಗೆ ಹೋಗಬಾರದು ಅಂತ ಬಾಲ್ಕನಿಯಲ್ಲಿದ್ದ ಒಂದು ತುಂಡು ಕಡಪ ಕಲ್ಲನ್ನೇ ಒಳಗೆ ತಂದಿಟ್ಟುಕೊಂಡೆ. ಆನ್ ಮಾಡಿ 15 ನಿಮಿಷ ಬಿಡುತ್ತೇನೆ. ಪೆಲೆಟ್ಟಿನ ಹಿಂಭಾಗದ ಅಂಚು ತುಂಬ ತೆಳು, ಲೋಹದ ಚಿಮುಟ ತಾಗಿದರೆ ಮಡಚುತ್ತದೆ, ಪ್ಲಾಸ್ಟಿಕ್ಕಿನದು ಸಾಕು. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು.

ಡಬ್ಬಿಯ ಲೆಕ್ಕ ಹೀಗೆ ಬಂತು: 0.528ಕ್ಕಿಂತ ಕಮ್ಮಿ 19, 0.528ರಿಂದ 0.531ರ ತನಕ 141, 0.532ರಿಂದ 0.535ರ ತನಕ 287, ಅದಕ್ಕಿಂತ ಜಾಸ್ತಿ 50. ಅಂಚು ಮುರಿದದ್ದು 3. ತೀರಾ ಹಗುರದ್ದು 0.521, ತೀರಾ ಭಾರದ್ದು 0.539. ತಕ್ಕಡಿಯೇ 2 ಮಿಲಿಗ್ರಾಂ ಓಡಾಡುವಾಗ 4 ಮಿಲಿಗ್ರಾಂಗಿಂತ ಸಣ್ಣ ಗುಂಪು ಮಾಡಿ ಪ್ರಯೋಜನ ಇಲ್ಲ. ಮಾರನೇ ದಿನ ದೊಡ್ಡ ಗುಂಪಿನಿಂದ 30 ತೆಗೆದು ಮತ್ತೆ ತೂಗಿದೆ. 26 ಅದೇ ಗುಂಪಿನಲ್ಲಿ ಉಳಿದವು, ನಾಲ್ಕು ಮಾತ್ರ ಪಕ್ಕದ ಗುಂಪಿಗೆ ಹೋದವು. ಇಷ್ಟು ಬೆಲೆಗೆ ಇದು ನನಗೆ ತೃಪ್ತಿ ಕೊಟ್ಟಿದೆ.

ಈ ಭಾನುವಾರ ರೈಫಲ್ಲನ್ನು ಆಸರೆಗೆ ಕೂರಿಸಿ 287ರ ಗುಂಪಿನಿಂದ 30, ತೂಗದ ಹೊಸ ಡಬ್ಬಿಯಿಂದ 30 ಹೊಡೆಯುತ್ತೇನೆ, ಐದೈದರಂತೆ ಅದಲುಬದಲು ಮಾಡಿ. ಕಾಗದಗಳನ್ನು ಅಳೆದು ಮುಂದಿನ ವಾರ ಬರೆಯುತ್ತೇನೆ.