ಅದು ಬ್ಯಾರೆ ಬಿಡ್ರಿ

"ಅದು ಬ್ಯಾರೆ ಬಿಡ್ರಿ ಅಕ್ಕಾರ."

ಮಂಗಳವಾರದಿಂದ ಈ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ. ಹೇಳಿದವರು ಕೋಡಿಬಾಗದಲ್ಲಿ, ಕಾಳಿ ಸೇತುವೆಗಿಂತ ಸ್ವಲ್ಪ ಈಚೆ, ಹೆಲ್ಮೆಟ್ ತಪಾಸಣೆಗೆ ನಿಂತಿದ್ದ ಎಎಸ್‌ಐ. ಹೇಳಿಸಿಕೊಂಡವಳು ಮೀನು ಮಾರುವ ಅಕ್ಕ. ಕಾರವಾರ ಪೇಟೆಯಲ್ಲಿ ವ್ಯಾಪಾರ ಮುಗಿಸಿ, ಖಾಲಿ ಬುಟ್ಟಿ ತೊಡೆಯ ಮೇಲಿಟ್ಟುಕೊಂಡು, ಗಂಡನ ಸ್ಕೂಟರಿನ ಹಿಂದೆ ಕೂತು ಸದಾಶಿವಗಡದ ಕಡೆ ಹೊರಟಿದ್ದಳು. ಗಂಡನ ತಲೆಯ ಮೇಲೆ ಹೆಲ್ಮೆಟ್ ಇತ್ತು, ಅವಳಿಗಿರಲಿಲ್ಲ. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಎಂಬ ನಿಯಮ ನಮ್ಮ ರಾಜ್ಯದಲ್ಲಿ 2016ರ ಜನವರಿಯಿಂದ ಇದೆ. ದಂಡ 500 ರೂಪಾಯಿ. ಅವಳು ವಾದ ಮಾಡಲಿಲ್ಲ. ಸೊಂಟಕ್ಕೆ ಸಿಕ್ಕಿಸಿದ್ದ ಸಂಚಿ ಬಿಚ್ಚಿ, ಒದ್ದೆ ನೋಟುಗಳನ್ನು ಎರಡು ಸಲ ಎಣಿಸಿ ಕೊಟ್ಟಳು. ಮಷೀನು ಕರಕರ ಎಂದು ರಸೀದಿ ಉಗುಳಿತು. ಅವಳ ಹಿಂದೆ ನನ್ನ ಸ್ಕೂಟಿ, ನನ್ನ ಹಿಂದೆ ಇನ್ನೂ ಐದಾರು ಗಾಡಿ.

ಅಷ್ಟರಲ್ಲಿ ಸೇತುವೆಯ ಕಡೆಯಿಂದ ಹಾರ್ನ್ ಕೇಳಿಸಿತು. ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ನದಿಗೆ ಬಿದ್ದ ಮೇಲೆ ಹೋಗುವವರಿಗೂ ಬರುವವರಿಗೂ ಒಂದೇ ಸೇತುವೆ. ಅಲ್ಲಿ ಗದ್ದಲವಾದರೆ ಈಚೆ ದಡಕ್ಕೆ ಮೊದಲೇ ಗೊತ್ತಾಗುತ್ತದೆ. ಬಂದದ್ದು ಬೈಕ್ ರ‍್ಯಾಲಿ. ಬಾವುಟ, ಶಾಲು, ಜೈಕಾರ. ಒಂದು ಬೈಕಿನ ಮೇಲೆ ಮೂವರು, ಇನ್ನೊಂದರ ಮೇಲೂ ಮೂವರು. ಎರಡನೆಯ ಸಾಲಿನಲ್ಲಿ ಒಂದು ಬುಲೆಟ್, ಅದರ ಹಿಂದಿನ ಸೀಟಿನಲ್ಲಿ ನಮ್ಮ ಭಾಗದ ಮುಖಂಡರು, ಎರಡೂ ಕೈ ಜೋಡಿಸಿ ಎಡಕ್ಕೂ ಬಲಕ್ಕೂ ನಮಸ್ಕಾರ ಮಾಡುತ್ತ. ಇಡೀ ಮೆರವಣಿಗೆಯಲ್ಲಿ ಒಂದೇ ಒಂದು ಹೆಲ್ಮೆಟ್ ನನ್ನ ಕಣ್ಣಿಗೆ ಬೀಳಲಿಲ್ಲ. ಎಎಸ್‌ಐ ಮಷೀನನ್ನು ಬಗಲಿಗೆ ಸಿಕ್ಕಿಸಿಕೊಂಡು ನಮ್ಮನ್ನೆಲ್ಲ ತಡೆದು ನಿಲ್ಲಿಸಿದರು. ಬುಲೆಟ್ ಎದುರಿಗೆ ಬಂದಾಗ ಸೆಲ್ಯೂಟ್ ಹೊಡೆದರು.

ಧೂಳು ಇಳಿಯಿತು. ಆ ಅಕ್ಕ ಇನ್ನೂ ಅಲ್ಲೇ ನಿಂತಿದ್ದಳು, ಕೈಯಲ್ಲಿ ರಸೀದಿ.

"ಸಾಹೇಬ್ರೆ, ಅವ್ರಿಗೆ ದಂಡ ಇಲ್ವಾ?"

"ಅದು ಬ್ಯಾರೆ ಬಿಡ್ರಿ ಅಕ್ಕಾರ."

"ಬೇರೆ ಹ್ಯಾಗೆ ಆಗ್ತದೆ? ಅವ್ರೂ ಹಿಂದೇ ಕೂತಿದ್ರಲ್ಲ, ನನ್ ಹಂಗೇ?"

ಎಎಸ್‌ಐ ಉತ್ತರ ಕೊಡಲಿಲ್ಲ. ಗಂಡ ಕೊಂಕಣಿಯಲ್ಲಿ "ನಡಿ, ನಡಿ" ಎಂದು ಅವಸರ ಮಾಡಿದ. ಅವಳು ಹೊರಡುವ ಮೊದಲು ಇನ್ನೊಂದು ಮಾತು ಹೇಳಿದಳು, ಜೋರಾಗಿಯೂ ಅಲ್ಲ: "ಹಂಗಾರೆ ನನ್ನ ಐನೂರು ವಾಪಸ್ ಕೊಡಿ."

ನಡೆದದ್ದು ಇಷ್ಟೇ, ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ಆದರೆ ಅಡುಗೆ ಮಾಡುವಾಗ, ಶಾಲೆಯಲ್ಲಿ ಪೇಪರು ತಿದ್ದುವಾಗ, ರಾತ್ರಿ ದೀಪ ಆರಿಸಿದ ಮೇಲೆ, ಅವಳ ಪ್ರಶ್ನೆ ಎದ್ದು ಕೂರುತ್ತದೆ. ಅವರೂ ಹಿಂದೇ ಕೂತಿದ್ದರಲ್ಲ, ನನ್ನ ಹಾಗೇ?

ಆ ಎಎಸ್‌ಐ ಮೇಲೆ ನನಗೆ ಸಿಟ್ಟಿಲ್ಲ. ಮಾತು ಕೇಳಿದರೆ ಹಾವೇರಿ, ಗದಗ ಕಡೆಯವರು. ನಿವೃತ್ತಿಗೆ ಹತ್ತಿರ ಬಂದ ವಯಸ್ಸು. ರ‍್ಯಾಲಿಯನ್ನು ತಡೆದು ಮಷೀನು ಹಿಡಿದಿದ್ದರೆ ಮರುದಿನ ಅವರು ಕೋಡಿಬಾಗದಲ್ಲಿ ಇರುತ್ತಿರಲಿಲ್ಲ ಎಂಬುದು ಅಲ್ಲಿ ನಿಂತ ಎಲ್ಲರಿಗೂ ಗೊತ್ತಿತ್ತು. "ಅದು ಬ್ಯಾರೆ" ಎನ್ನುವಾಗ ಅವರು ಆ ಅಕ್ಕನ ಮುಖ ನೋಡಲಿಲ್ಲ, ರಸ್ತೆ ನೋಡುತ್ತಿದ್ದರು. ನಾಚಿಕೆ ಇನ್ನೂ ಉಳಿದಿರುವ ಮನುಷ್ಯ.

ಬೈಕಿನ ಮೇಲಿದ್ದ ಹುಡುಗರನ್ನೂ ಬೈಯಲು ಮನಸ್ಸು ಬರುವುದಿಲ್ಲ. ಅವರಲ್ಲಿ ಒಬ್ಬ ನನ್ನ ಹತ್ತಿರ ಕಲಿತವನು. ನನ್ನನ್ನು ಕಂಡು ಕೈ ಬೀಸಿದ. ಈ ಹೆದ್ದಾರಿ 66ರಲ್ಲಿ ಬೈಕಿನಿಂದ ಬಿದ್ದು ತಲೆ ಒಡೆದುಕೊಂಡವರ ಮನೆಗೆ ಹೋಗಿ ಕೂತು ಬಂದವಳು ನಾನು. ಹೆಲ್ಮೆಟ್ ನಿಯಮ ಬೇಡ ಎಂದು ಯಾರಾದರೂ ಹೇಳಿದರೆ ಅವರೊಡನೆ ಜಗಳಕ್ಕೆ ನಿಲ್ಲುತ್ತೇನೆ.

ನನ್ನ ಸಿಟ್ಟು ಬುಲೆಟ್ಟಿನ ಹಿಂದೆ ಕೂತವರ ಮೇಲೆ. ಅವರು ಕೆಟ್ಟ ಮನುಷ್ಯರೇನೂ ಅಲ್ಲ. ನಮ್ಮ ಓಣಿಗೆ ನೀರಿನ ಪೈಪು ಬಂದದ್ದು ಅವರ ಓಡಾಟದಿಂದ. ಆದರೆ ಇದೇ ಜನವರಿಯ ರಸ್ತೆ ಸುರಕ್ಷತಾ ಮಾಸದಲ್ಲಿ ವೇದಿಕೆಯ ಮೇಲೆ ನಿಂತು ಹುಡುಗರಿಗೆ ಹೆಲ್ಮೆಟ್ ಹಂಚಿದವರೂ ಅವರೇ. ಹೆಲ್ಮೆಟ್ ಇಲ್ಲದ ಮಗನಿಗೆ ತಾಯಂದಿರು ಬೈಕಿನ ಕೀಲಿಯನ್ನೇ ಕೊಡಬಾರದು ಎಂದು ಭಾಷಣ ಮಾಡಿದ್ದರು. ನಾನು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದೆ, ಮನಸ್ಸಿನಿಂದಲೇ ತಟ್ಟಿದ್ದೆ, ಏಕೆಂದರೆ ಮಾತು ಸರಿಯಾಗಿತ್ತು.

ಮನೆಗೆ ಬಂದು ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಾಜಾಳಿಯಲ್ಲಿ ನಮಗೆ ಹೇಳಿದ್ದು ಬೇರೆ ಥರ ಇತ್ತಲ್ಲ" ಎಂದಳು.

2021ರ ಮೇ ತಿಂಗಳ ಮಾತು. ಎರಡನೆಯ ಅಲೆ. ಅಮ್ಮನ ಬೆನ್ನಿಗೆ ಹುಟ್ಟಿದ ತಂಗಿ, ನಮ್ಮ ಮೌಶಿ, ಕಾಣಕೋಣದಲ್ಲಿ ತೀರಿಹೋದಳು. ಕಾರವಾರದವರಿಗೆ ಗೋವಾ ಪರರಾಜ್ಯ ಅನ್ನಿಸಿದ್ದೇ ಇಲ್ಲ. ಹೆಣ್ಣು ಕೊಡುವುದು, ತರುವುದು, ಕೆಲಸ, ಆಸ್ಪತ್ರೆ, ಹರಕೆ ಎಲ್ಲ ಆಚೆಯೂ ಉಂಟು ಈಚೆಯೂ ಉಂಟು. ಆದರೆ ಆ ತಿಂಗಳು ಇಲ್ಲಿ ಲಾಕ್‌ಡೌನ್, ಗೋವಾದ ಒಳಗೆ ಹೋಗಲು ಕೋವಿಡ್ ನೆಗೆಟಿವ್ ವರದಿ ಬೇಕು. ವರದಿ ಬರುವವರೆಗೆ ಹೆಣ ಕಾಯುವುದಿಲ್ಲ. ಆದರೂ ಹೋದೆವು. ಮಾಜಾಳಿಯ ಗಡಿಯಲ್ಲಿ ಮಾಸ್ಕ್ ಹಾಕಿಕೊಂಡಿದ್ದ ಒಬ್ಬ ಎಳೆಯ ಪೊಲೀಸು ಅಮ್ಮನ ಎದುರು ಕೈ ಮುಗಿದು, "ನಿಯಮ ಎಲ್ಲರಿಗೂ ಒಂದೇ ಅಮ್ಮಾ, ನಮ್ಮ ತಾಯಿ ಬಂದರೂ ಬಿಡೋ ಹಾಗಿಲ್ಲ" ಎಂದ. ಅಮ್ಮ ಅಳುತ್ತಲೇ "ಅವ್ನು ಹೇಳೋದು ಸರಿ ಉಂಟು" ಎಂದು ಗಾಡಿ ತಿರುಗಿಸಲು ಹೇಳಿದಳು. ಮೌಶಿಯ ಚಿತೆಯನ್ನು ನನ್ನ ಫೋನಿನಲ್ಲಿ ನೋಡಿದಳು. ಚಿತ್ರ ಮಧ್ಯೆ ಮಧ್ಯೆ ನಿಂತು ನಿಂತು ಬರುತ್ತಿತ್ತು.

ಅಮ್ಮನಿಗೆ ಸಿಟ್ಟು ಬಂದದ್ದು ಆವತ್ತಲ್ಲ. ದಿನಕರ್ಮ ಮುಗಿದ ಮೇಲೆ ಯಾವುದೋ ಚಾನೆಲಿನಲ್ಲಿ ಏಪ್ರಿಲ್ ತಿಂಗಳ ಚುನಾವಣಾ ಪ್ರಚಾರದ ದೃಶ್ಯಗಳನ್ನು ಮತ್ತೆ ತೋರಿಸುತ್ತಿದ್ದರು. ಏಪ್ರಿಲ್ 17ಕ್ಕೆ ಪಕ್ಕದ ಬೆಳಗಾವಿಯಲ್ಲಿ ಲೋಕಸಭೆಯ ಉಪಚುನಾವಣೆ ಇತ್ತು. ಪಶ್ಚಿಮ ಬಂಗಾಳದಲ್ಲಂತೂ ಮೈದಾನ ಮೈದಾನ ಜನ. ವೇದಿಕೆಯ ಮೇಲೆ ಮಾಸ್ಕು ಗಲ್ಲಕ್ಕೆ ಇಳಿದಿತ್ತು, ಕೆಳಗೆ ಜನರ ಮೈಗೆ ಮೈ ತಾಗುತ್ತಿತ್ತು. ಯಾವ ಪಕ್ಷವೂ ಹಿಂದೆ ಬಿದ್ದಿರಲಿಲ್ಲ. ಅಮ್ಮ ಟಿವಿ ನೋಡುತ್ತ ಹೇಳಿದ್ದು ಇಷ್ಟು: "ಏನಾದ್ರೂ ಸುಳ್ಳು ಹೇಳಿ ದಾಟಿ ಹೋಗ್ಬೇಕಿತ್ತು ನಾನು."

ಜೀವಮಾನದಲ್ಲಿ ಬಸ್ ಟಿಕೆಟ್ ತಪ್ಪಿಸದ ಹೆಂಗಸು ಅವಳು. ಒಂದು ಸುಳ್ಳು ಹೇಳಲಿಲ್ಲವಲ್ಲ ಎಂದು ಪಶ್ಚಾತ್ತಾಪ ಪಡುತ್ತಿದ್ದಳು. ನಿಯಮ ಹೇಳುವವರು ತಾವೇ ಅದನ್ನು ಮುರಿದಾಗ ಆಗುವ ಅತಿ ದೊಡ್ಡ ನಷ್ಟ ಯಾವುದು ಎಂದು ನನಗೆ ಅರ್ಥವಾದದ್ದು ಆ ದಿನ. ಸೋಂಕು ಹರಡುವುದು, ಅಪಘಾತವಾಗುವುದು, ಇವೆಲ್ಲ ಇವೆ. ಅದಕ್ಕಿಂತ ಕೆಟ್ಟದ್ದೆಂದರೆ, ನೋವು ನುಂಗಿ ನಿಯಮ ಪಾಲಿಸಿದವರಿಗೆ ತಾವು ಮೋಸಹೋದೆವು ಅನ್ನಿಸಿಬಿಡುತ್ತದೆ. ಅವರ ತ್ಯಾಗದ ಗೌರವವನ್ನು ಹಿಂದಿನಿಂದ ಬಂದು ಯಾರೋ ಕಿತ್ತುಕೊಂಡು ಹೋಗುತ್ತಾರೆ. ಮೀನಿನ ಅಕ್ಕನ "ನನ್ನ ಐನೂರು ವಾಪಸ್ ಕೊಡಿ" ಎಂಬ ಮಾತಿನಲ್ಲೂ ನನಗೆ ಕೇಳಿಸಿದ್ದು ಅದೇ. ಅವಳಿಗೆ ಹಣ ಮುಖ್ಯವಲ್ಲ ಎಂದು ಹೇಳುತ್ತಿಲ್ಲ. ಬಂಗುಡೆ ಸಸ್ತಾ ಇರುವ ಕಾಲದಲ್ಲಿ ಐನೂರೆಂದರೆ ಅವಳ ಒಂದು ದಿನದ ದುಡಿಮೆಯೇ ಹೋದ ಹಾಗೆ. ಆದರೆ ದಂಡ ಕಟ್ಟುವಾಗ ಅವಳು ತಕರಾರು ಮಾಡಿರಲಿಲ್ಲ, ರ‍್ಯಾಲಿ ಹಾದು ಹೋದ ಮೇಲಷ್ಟೇ ಕೇಳಿದಳು.

ಇಂಗ್ಲೆಂಡಿನಲ್ಲಿ ಜನ ಸಿಡಿದೆದ್ದದ್ದೂ ಇಂಥದ್ದೇ ನೋವಿನಿಂದ. 2021ರ ಅದೇ ಏಪ್ರಿಲ್ 17ರಂದು ರಾಣಿ ಎಲಿಜಬೆತ್ ತನ್ನ ಗಂಡನ ಅಂತ್ಯಸಂಸ್ಕಾರದಲ್ಲಿ ಕಪ್ಪು ಮಾಸ್ಕ್ ಹಾಕಿ ಒಬ್ಬಳೇ ಒಂದು ಬೆಂಚಿನ ಮೇಲೆ ಕೂತಿದ್ದ ಚಿತ್ರ ನಮ್ಮಲ್ಲೂ ಎಲ್ಲರೂ ನೋಡಿದ್ದೇ. ಅಂತ್ಯಕ್ರಿಯೆಗೆ 30 ಜನ ಮಾತ್ರ ಎಂಬುದು ಆಗಿನ ನಿಯಮ, ರಾಣಿಯ ಮನೆಗೂ ಅಷ್ಟೇ. ಅದರ ಹಿಂದಿನ ರಾತ್ರಿ ಪ್ರಧಾನಿಯ ಕಚೇರಿಯಲ್ಲಿ ಸಿಬ್ಬಂದಿಯ ಪಾರ್ಟಿ ನಡೆದಿತ್ತೆಂದು ಆಮೇಲೆ ಹೊರಬಿತ್ತು. ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತಿನಲ್ಲಿ, ನಿಯಮಗಳೆಲ್ಲ ಪಾಲನೆಯಾಗಿವೆ ಎಂದರು. ಕಡೆಗೆ ಪೊಲೀಸರು 83 ಜನರಿಗೆ 126 ದಂಡದ ನೋಟಿಸು ಕೊಟ್ಟರು. 2020ರ ಜೂನ್ 19ರ ಹುಟ್ಟುಹಬ್ಬದ ಕೂಟಕ್ಕಾಗಿ ಜಾನ್ಸನ್ ಅವರಿಗೂ 2022ರ ಏಪ್ರಿಲ್‌ನಲ್ಲಿ ದಂಡ ಬಿತ್ತು. ಆಗ ಅಲ್ಲಿನ ಜನ ಪತ್ರಿಕೆಗಳಿಗೆ ಬರೆದದ್ದರಲ್ಲಿ ಕೇಕಿನ ಮಾತು ಕಡಿಮೆ. ನಮ್ಮ ಅಪ್ಪನ ಕೈ ಹಿಡಿಯಲು ಬಿಡಲಿಲ್ಲ, ಅಮ್ಮ ಆಸ್ಪತ್ರೆಯಲ್ಲಿ ಒಬ್ಬಳೇ ಸತ್ತಳು, ಇಂಥವೇ ಹೆಚ್ಚು. ಎಲ್ಲಿಯ ಇಂಗ್ಲೆಂಡು, ಎಲ್ಲಿಯ ಮಾಜಾಳಿ, ದುಃಖ ಮಾತ್ರ ಒಂದೇ.

ನಮ್ಮಲ್ಲಿ ಏನಾಯಿತು? 2020ರ ಮಾರ್ಚ್ 13ರಂದು ಮುಖ್ಯಮಂತ್ರಿ ಯಡಿಯೂರಪ್ಪನವರು ಮಾಲು, ಚಿತ್ರಮಂದಿರ ಬಂದ್ ಎಂದರು, ಮದುವೆಗಳಲ್ಲಿ ಜನ ಸೇರಬಾರದು ಎಂದರು. ಎರಡೇ ದಿನಕ್ಕೆ, ಮಾರ್ಚ್ 15ರಂದು, ತಮ್ಮ ಪಕ್ಷದ ವಿಧಾನ ಪರಿಷತ್ ಸದಸ್ಯರೊಬ್ಬರ ಮಗಳ ದೊಡ್ಡ ಮದುವೆಗೆ ಬೆಳಗಾವಿಗೆ ಹೋದರು. ಒಂದಿಷ್ಟು ಟೀಕೆ ಬಂತು, ಹೋಯಿತು. ಅವರನ್ನು ಮಾತ್ರ ಹೇಳಿ ನಿಲ್ಲಿಸಿದರೆ ಅನ್ಯಾಯವಾಗುತ್ತದೆ. 2025ರ ಸೆಪ್ಟೆಂಬರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಸರಕಾರಿ ಕಾರಿನ ಮೇಲೆ ಏಳು ಸಂಚಾರ ನಿಯಮ ಉಲ್ಲಂಘನೆ ಇರುವುದು ಸುದ್ದಿಯಾಯಿತು, ಅದರಲ್ಲಿ ಆರು ಸೀಟ್ ಬೆಲ್ಟಿನವು. ಅವರದೇ ಸರಕಾರ ಜನರಿಗೆ ಕೊಟ್ಟಿದ್ದ ಅರ್ಧ ರಿಯಾಯಿತಿಯಲ್ಲಿ ದಂಡ ಪಾವತಿಯಾಯಿತು. ಅಷ್ಟಾದರೂ ಆಯಿತಲ್ಲ ಎಂಬ ಸಮಾಧಾನ ನನಗಿದೆ, ಏಕೆಂದರೆ ಹಿಡಿದದ್ದು ಕ್ಯಾಮೆರಾ. ಕೋಡಿಬಾಗದ ಎಎಸ್‌ಐಗೆ ಇರುವ ಭಯ ಅದಕ್ಕಿಲ್ಲ. ಆದರೆ ಕ್ಯಾಮೆರಾ ಇಲ್ಲದ ರಸ್ತೆಯೇ ನಮ್ಮ ಜಿಲ್ಲೆಯಲ್ಲಿ ಹೆಚ್ಚು.

ಮತ್ತೆ ಅದೇ ಮಾತಿಗೆ ಬರುತ್ತೇನೆ. ಅದು ಬ್ಯಾರೆ. ಮೂರ್ನಾಲ್ಕು ದಿನ ಇದನ್ನೇ ಯೋಚಿಸಿ ನನಗೀಗ ಅನ್ನಿಸುವುದೇನೆಂದರೆ, ಎಎಸ್‌ಐ ಹೇಳಿದ್ದು ನಿಜ. ಮುಖಂಡರ ತಪ್ಪು ಮೀನಿನ ಅಕ್ಕನ ತಪ್ಪಿಗಿಂತ ಖಂಡಿತ ಬೇರೆ. ಅದಕ್ಕೇ ಅದು ಹೆಚ್ಚು ಭಾರದ್ದು. ನಾರ್ವೆಯ ಪೊಲೀಸರು ಹೀಗೆಯೇ ತರ್ಕ ಮಾಡಿದರು. 2021ರ ಫೆಬ್ರವರಿಯಲ್ಲಿ ಅಲ್ಲಿನ ಪ್ರಧಾನಿ ಎರ್ನಾ ಸೋಲ್‌ಬರ್ಗ್ ತಮ್ಮ 60ನೇ ಹುಟ್ಟುಹಬ್ಬಕ್ಕೆ ಕುಟುಂಬದವರನ್ನು ಸೇರಿಸಿದ್ದರು. ಹತ್ತು ಜನಕ್ಕಿಂತ ಹೆಚ್ಚು ಸೇರಬಾರದು ಎಂಬ ನಿಯಮ ಅವರ ಸರಕಾರದ್ದೇ. ಬೇರೆಯವರಾಗಿದ್ದರೆ ಇಂಥ ಪ್ರಕರಣದಲ್ಲಿ ಸಾಮಾನ್ಯವಾಗಿ ದಂಡ ಹಾಕುತ್ತಿರಲಿಲ್ಲ, ಆದರೆ ನಿರ್ಬಂಧಗಳನ್ನು ಮುಂದೆ ನಿಂತು ಹೇಳಿದವರು ಪ್ರಧಾನಿ, ಜನರ ವಿಶ್ವಾಸ ಉಳಿಯಬೇಕಾದರೆ ದಂಡ ಬೇಕು ಎಂದರು ಪೊಲೀಸರು. 20,000 ಕ್ರೋನರ್. ಆಕೆ ಕ್ಷಮೆ ಕೇಳಿದರು, ದಂಡ ಒಪ್ಪಿಕೊಂಡರು.

ದೂರದ ನಾರ್ವೆಗೆ ಹೋಗುವುದೇ ಬೇಡ. ನಮ್ಮ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 210-ಬಿ ಎಂಬ ಕಲಮು ಇದೆ. ಈ ಕಾಯ್ದೆಯನ್ನು ಜಾರಿ ಮಾಡುವ ಅಧಿಕಾರ ಇರುವವರೇ ತಪ್ಪು ಮಾಡಿದರೆ ದಂಡ ಎರಡು ಪಟ್ಟು. ಅಂದರೆ ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದರೆ ಆ ಎಎಸ್‌ಐ ಮೀನಿನ ಅಕ್ಕನ ದುಪ್ಪಟ್ಟು ಕಟ್ಟಬೇಕು. ಇದನ್ನು ಬರೆದವರು ಸರಿಯಾಗಿಯೇ ಯೋಚಿಸಿದ್ದಾರೆ. ಆದರೆ ಆ ಮಾತು ಜಾರಿ ಮಾಡುವವರಿಗೆ ಬಂದು ನಿಂತುಹೋಗಿದೆ. ವಿಧಾನಸಭೆಯಲ್ಲಿ, ಸಂಸತ್ತಿನಲ್ಲಿ ಕೂತು ಕಾಯ್ದೆ ಮಾಡುವವರನ್ನು ಯಾಕೆ ಬಿಟ್ಟರು? ಹೆಲ್ಮೆಟ್ ಹಾಕು ಎಂದು ವೇದಿಕೆಯಲ್ಲಿ ಹೇಳಿದವರು ಹಾಕದೆ ಬಂದರೆ ದುಪ್ಪಟ್ಟು ಕಟ್ಟಲಿ ಎಂದರೆ ಅದರಲ್ಲಿ ಅತಿಯಾದದ್ದು ಏನಿದೆ?

ಸಹೋದ್ಯೋಗಿಯೊಬ್ಬರು "ಟೀಚರ್, ನೀವು ಇದನ್ನೆಲ್ಲ ಮೈಮೇಲೆ ಹಾಕ್ಕೊಳ್ಬೇಡಿ, ಎಲ್ಲ ಪಕ್ಷದವ್ರೂ ಅಷ್ಟೇ" ಎಂದರು. ಎಲ್ಲರೂ ಅಷ್ಟೇ ಎಂಬುದು ನನಗೆ ಸುಮ್ಮನಿರಲು ಕಾರಣವಾಗಿ ಕಾಣುವುದಿಲ್ಲ. ಎಲ್ಲರೂ ಅಷ್ಟೇ ಆಗಿರುವುದರಿಂದಲೇ ಕೇಳಬೇಕು.

ಹಾಗಾಗಿ ನಿನ್ನೆ ರಾತ್ರಿ ಒಂದು ಅರ್ಜಿ ಬರೆದೆ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ. ಮಂಗಳವಾರದ ರ‍್ಯಾಲಿಯಲ್ಲಿ ಹೆಲ್ಮೆಟ್ ಇಲ್ಲದೆ ಬಂದವರಲ್ಲಿ ಎಷ್ಟು ಜನರಿಗೆ ದಂಡ ಹಾಕಲಾಗಿದೆ, ಹಾಕದಿದ್ದರೆ ಯಾವ ನಿಯಮದ ಪ್ರಕಾರ ಬಿಡಲಾಗಿದೆ ಎಂದು ಕೇಳಿದ್ದೇನೆ. ತಪಾಸಣೆಗೆ ನಿಂತವರ ಮೇಲೆ ಕ್ರಮ ಬೇಡ ಎಂದೂ ಸ್ಪಷ್ಟವಾಗಿ ಬರೆದಿದ್ದೇನೆ. ಒಂದು ಪ್ರತಿ ಮುಖಂಡರಿಗೂ ಕೊಡುತ್ತೇನೆ; ರಾಜೀನಾಮೆ, ಕ್ಷಮೆ ಏನೂ ಕೇಳಿಲ್ಲ, ಕೋಡಿಬಾಗದಲ್ಲಿ ಅದೇ ಮಷೀನಿನ ಎದುರು ನಿಂತು ಐನೂರು ಕಟ್ಟಿ ಎಂದಷ್ಟೇ ಕೇಳಿದ್ದೇನೆ. ಅಮ್ಮ ಓದಿಸಿ ಕೇಳಿದಳು. ತನ್ನ ಹೆಸರನ್ನೂ ಸೇರಿಸು ಎಂದಳು. ಸೇರಿಸಿದ್ದೇನೆ. ಸೋಮವಾರ ಶಾಲೆಗೆ ಅರ್ಧ ದಿನ ರಜೆ ಹಾಕಿ, ಇಬ್ಬರೂ ಹೋಗಿ ಕೊಟ್ಟು, ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬರುತ್ತೇವೆ.